ಕೋವಿ ರಾತ್ರಿ ಎಲ್ಲಿ ಮಲಗುತ್ತದೆ?

ಬಟ್ಟೆಗೆ ವಾಕ್-ಇನ್ ಕ್ಲಾಸೆಟ್ ಇರುವ ಹಾಗೆ ಅಮೆರಿಕದ ಕೆಲವು ಮನೆಗಳಲ್ಲಿ ಬಂದೂಕಿಗೆ ವಾಕ್-ಇನ್ ವಾಲ್ಟ್ ಇರುತ್ತದೆ. ನೆಲಮಾಳಿಗೆಯ ಮೂಲೆಯಲ್ಲಿ ನಾಲ್ಕು ಕಾಂಕ್ರೀಟ್ ಗೋಡೆ, ತಲೆ ಮೇಲೂ ಕಾಂಕ್ರೀಟ್, ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಹಾಕುವಂಥ ಉಕ್ಕಿನ ಬಾಗಿಲು, ಒಳಗೆ ತೇವ ಹೀರುವ ಯಂತ್ರ, ಗೋಡೆ ತುಂಬ ಸಾಲಾಗಿ ನಿಲ್ಲಿಸಿದ ಬಂದೂಕುಗಳು. ಟೆಕ್ಸಸ್‌ನಲ್ಲಿರುವ ನನ್ನ ದೊಡ್ಡಮ್ಮನ ಮಗ ಇಂಥದ್ದೊಂದು ಕೋಣೆಯ ನಕ್ಷೆಯನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ. ಅವನ ಮನೆಗಲ್ಲ, ಬಂಟ್ವಾಳ ತಾಲೂಕಿನಲ್ಲಿರುವ ನಮ್ಮ ಅಜ್ಜನ ಮನೆಗೆ.

ಅಜ್ಜನಿಗೆ ಈಗ 84. ಮನೆಯಲ್ಲಿ ಇರುವುದು ಅವರು ಮತ್ತು ತೋಟ ನೋಡಿಕೊಳ್ಳುವ ನನ್ನ ಚಿಕ್ಕಮ್ಮ, ಇಬ್ಬರೇ. ಕೋವಿ ಇರುವುದೂ ಒಂದೇ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಹಳೆಯ ಕೇಪಿನ ಕೋವಿ. ಇನ್ನು ಮುಂದೆ ಅದನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂದಾಗ ಗುಂಪಿನಲ್ಲಿ ಎರಡು ಪಕ್ಷ ಆಯಿತು. ಒಂದು ಪಕ್ಷ 'ಪೊಲೀಸರಿಗೆ ಕೊಟ್ಟು ಕೈ ತೊಳ್ಕೊಳ್ಳಿ' ಅಂತ. ಇನ್ನೊಂದು 'ಗಟ್ಟಿ ಕೋಣೆ ಕಟ್ಟಿಸಿ ಇಟ್ಟುಕೊಳ್ಳಿ' ಅಂತ. ಊರಿನ ಹಳೆ ಸಂಗತಿಗಳನ್ನು ಕೆದಕುವ ಚಾಳಿ ನನಗಿರುವುದರಿಂದ 'ನೀನೇ ನೋಡಿ ಹೇಳು ಮಾರಾಯ' ಎಂಬ ಕೆಲಸ ನನ್ನ ತಲೆಗೆ ಬಂತು. ಕಾನೂನು ಓದಲು ಕೂತವನು ಇತಿಹಾಸಕ್ಕೆ ಹೋದೆ. ಯಾಕೆಂದರೆ ನಮ್ಮ ಕಡೆ 'ಕೋವಿ ಯಾರ ಹತ್ತಿರ ಇರಬೇಕು' ಎಂಬುದರ ಬಗ್ಗೆ ಸರಕಾರಗಳು ಇನ್ನೂರು ವರ್ಷದಿಂದ ತಲೆ ಕೆಡಿಸಿಕೊಂಡಿವೆ. 'ರಾತ್ರಿ ಅದು ಎಲ್ಲಿ ಮಲಗುತ್ತದೆ, ಕೀಲಿ ಯಾರ ಹತ್ತಿರ' ಎಂಬುದನ್ನು ಮಾತ್ರ ಬಹುಕಾಲ ಮನೆಯವರಿಗೇ ಬಿಟ್ಟುಬಿಟ್ಟಿದ್ದವು.

ಮೊದಲು ಜಿಲ್ಲೆಯ ಅತಿ ದೊಡ್ಡ ವಾಲ್ಟಿನ ಕಥೆ ನೋಡೋಣ. ಬೆಳ್ತಂಗಡಿಯಿಂದ ಕಾಣುವ ಗಡಾಯಿಕಲ್ಲು ನಿಮಗೆ ಗೊತ್ತಿರಬಹುದು. ಚಾರಣದ ಫೋಟೋಗಳಲ್ಲಿ ಬರುವ ಆ ಬೋಳು ಕರಿಬಂಡೆ. 1794ರಲ್ಲಿ ಟಿಪ್ಪು ಸುಲ್ತಾನ್ ಅದರ ತಲೆಯ ಮೇಲೆ ಕೋಟೆ ಕಟ್ಟಿಸಿ ತಾಯಿಯ ನೆನಪಿಗೆ ಜಮಲಾಬಾದ್ ಎಂದು ಹೆಸರಿಟ್ಟ. ಹತ್ತಲು ಬಂಡೆಯನ್ನೇ ಕಡಿದು ಮಾಡಿದ ಇಕ್ಕಟ್ಟಾದ ಮೆಟ್ಟಿಲ ದಾರಿ ಬಿಟ್ಟರೆ ಬೇರೆ ದಾರಿಯೇ ಇಲ್ಲ. ಮೇಲೆ ಮಳೆನೀರಿನ ಕೆರೆ, ತುಪ್ಪಾಕಿ ಇಡಲು ಕಿಂಡಿ ಬಿಟ್ಟ ಗೋಡೆ. ಮದ್ದುಗುಂಡು ಜೋಪಾನವಾಗಿಡಲು ಇದಕ್ಕಿಂತ ಗಟ್ಟಿ ಜಾಗವನ್ನು ಯಾವ ಎಂಜಿನಿಯರ್ ತಾನೇ ತೋರಿಸಿಯಾನು?

ಆದರೆ ಐದೇ ವರ್ಷಕ್ಕೆ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಅದು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಸ್ವಲ್ಪ ಸಮಯದಲ್ಲೇ ತಿಮ್ಮ ನಾಯಕ ಎಂಬ ಬಂಡುಕೋರ ಅದನ್ನು ಕಂಪನಿಯಿಂದ ಕಿತ್ತುಕೊಂಡ. 1800ರಲ್ಲಿ ಕಂಪನಿ ಮುತ್ತಿಗೆ ಹಾಕಿ ಮತ್ತೆ ವಾಪಸ್ ಪಡೆಯಿತು. ಆರು ವರ್ಷದಲ್ಲಿ ಮೂರು ಕೈ. ಬಂಡೆ ಒಂದಿಂಚೂ ಅಲುಗಲಿಲ್ಲ, ಬದಲಾದದ್ದು ಒಳಗಿದ್ದ ಮನುಷ್ಯರು. ಗಟ್ಟಿ ಗೋಡೆ ಒಳಗಿನದ್ದನ್ನು ಕಾಯುತ್ತದೆ ನಿಜ, ಆದರೆ ಯಾರಿಗಾಗಿ ಕಾಯುತ್ತದೆ ಎಂಬುದು ಬಾಗಿಲು ಯಾರ ಕೈಯಲ್ಲಿದೆ ಎಂಬುದರ ಮೇಲೆ ನಿಂತಿದೆ.

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿಯ ವೈದ್ಯ ಈ ಸೀಮೆಯಲ್ಲಿ ಓಡಾಡಿದ. ಬೆಳೆ, ಭೂಮಿ, ಜಾತಿ, ಕಂದಾಯ ಎಲ್ಲವನ್ನೂ ವರದಿ ಮಾಡುವುದು ಅವನ ಕೆಲಸ. ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ ಅಂತ ಅವನು ಹೋದ ದಾರಿಯಲ್ಲೇ ಇವತ್ತು ನಾವು ಬಸ್ಸಲ್ಲಿ ಹೋಗುತ್ತೇವೆ. ಅವನು ನೋಡಿದ ಕಾಲಕ್ಕೆ ಬಂಗರು, ಚೌಟರು, ಅಜಿಲರು ಮೊದಲಾದ ಅರಸು ಮನೆತನಗಳ ಆಳ್ವಿಕೆ ಮುಗಿದಿತ್ತು. ಮೂಡುಬಿದಿರೆಯ ಚೌಟರ ಅರಮನೆಯ ಕೆತ್ತನೆಯ ಕಂಬಗಳು ಈಗಲೂ ಉಂಟು, ವಂಶದವರೂ ಇದ್ದಾರೆ. ಇದೇ ಚೌಟರ ಮನೆತನದ ಅಬ್ಬಕ್ಕ ಉಳ್ಳಾಲದಲ್ಲಿ ಪೋರ್ಚುಗೀಸರ ತೋಪುಗಳಿಗೆ ಎದುರು ನಿಂತವಳು. ಅಂಥವರ ಆಯುಧ ಹೋಗಿ ಪಿಂಚಣಿ ಬಂತು. ಆಯುಧ ಇಟ್ಟುಕೊಳ್ಳುವ ಅಧಿಕಾರ ಅರಮನೆಯಿಂದ ಕಚೇರಿಗೆ ದಾಟಿದ್ದು ಹೀಗೆ.

ಅದಕ್ಕೆ ಕೊನೆಯ ದೊಡ್ಡ ತಕರಾರು 1837ರಲ್ಲಿ ಬಂತು. ಅಮರ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಏಪ್ರಿಲ್ 5ರಂದು ಮಂಗಳೂರನ್ನೇ ಹಿಡಿಯಿತು. ಎರಡು ವಾರ ತುಂಬುವ ಮೊದಲೇ ಕಂಪನಿಯ ಪಡೆ ಸಮುದ್ರದ ದಾರಿಯಿಂದ ಬಂದು ಎಲ್ಲವನ್ನೂ ಮುಗಿಸಿತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಬಂಟ್ವಾಳದ ಹತ್ತಿರದ ನಂದಾವರದ ಲಕ್ಷ್ಮಪ್ಪ ಬಂಗರಸನಿಗೂ ಅದೇ ಗತಿ. ಇದಾಗಿ ಇಪ್ಪತ್ತು ವರ್ಷಕ್ಕೆ ಉತ್ತರ ಭಾರತದಲ್ಲಿ 1857 ಬಂತು. ಆಮೇಲೆ ಸರಕಾರ ದೇಶದ ಉದ್ದಗಲಕ್ಕೂ ಜನರ ಆಯುಧ ಕಸಿಯುವ ಕಾನೂನು ತಂದಿತು.

ಇಲ್ಲಿ ಘಟ್ಟದ ಮೇಲಿನ ನೆರೆಯವರನ್ನೂ ನೋಡಬೇಕು. 1861ರ ಫೆಬ್ರವರಿಯಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಈ ಕಾನೂನಿನಿಂದ ವಿನಾಯಿತಿ ಕೊಟ್ಟ. ನಿಷ್ಠೆಗೆ ಸಿಕ್ಕ ಬಹುಮಾನ. ಕೊಡವರು ಮತ್ತು ಜಮ್ಮಾ ಭೂಮಿಯವರಿಗೆ ಇವತ್ತೂ ಅದು ಬೇರೆ ರೂಪದಲ್ಲಿ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿ ಕೋವಿ ಮನೆಯ ಸದಸ್ಯನ ಹಾಗೆ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಹೂ ಮುಡಿಸಿ ಪೂಜೆ. ಘಟ್ಟದ ಕೆಳಗಿನ ನಮಗೆ ಸಿಕ್ಕಿದ್ದು ಅರ್ಜಿ ಫಾರಂ. ವೈಸರಾಯ್ ಲಿಟ್ಟನ್ ಕಾಲದ 1878ರ ಶಸ್ತ್ರ ಕಾಯ್ದೆ ಆಯುಧ ಬೇಕಿದ್ದರೆ ಲೈಸೆನ್ಸ್ ತೆಗೆದುಕೊಳ್ಳಿ ಎಂದಿತು, ಐರೋಪ್ಯರಿಗೆ ಮಾತ್ರ ಸಡಿಲ ಬಿಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ 1959ರ ಶಸ್ತ್ರ ಕಾಯ್ದೆ ಅದನ್ನು ಕಿತ್ತುಹಾಕಿ 1962ರಲ್ಲಿ ಜಾರಿಗೆ ಬಂತು.

ಈ 1959ರ ಕಾಯ್ದೆಯಲ್ಲಿ ನಮ್ಮ ಅಜ್ಜನಂಥವರಿಗಾಗಿಯೇ ಬರೆದ ಹಾಗಿರುವ ಒಂದು ಮಾತು ಉಂಟು. ನಿಜವಾಗಿ ಬೆಳೆ ರಕ್ಷಣೆಗೆ ಬೇಕಾದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವ ವಿಷಯವನ್ನು ಅದು ಹೆಸರಿಸಿಯೇ ಹೇಳುತ್ತದೆ. ಅದೇ ಕೇಪಿನ ಕೋವಿ. ತುಳುವಿನಲ್ಲಿ 'ಬೆಡಿ' ಅಂದರೆ ಸಾಕು, ಕೋವಿಗೂ ಅದೇ ಮಾತು, ಜಾತ್ರೆಯ ಸಿಡಿಮದ್ದಿಗೂ ಅದೇ ಮಾತು. ಅದರಿಂದ ಯಾವುದಾದರೂ ಪ್ರಾಣಿ ಸಾಯುತ್ತದೆ ಎನ್ನುವುದಕ್ಕಿಂತ ಸದ್ದಿಗೆ ಹೆದರಿ ಓಡುತ್ತದೆ ಎನ್ನುವುದೇ ನಮ್ಮ ತೋಟಗಳ ಮಟ್ಟಿಗೆ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಬೆಳೆ ರಕ್ಷಣೆಯ ಲೈಸೆನ್ಸ್ ಅಂದರೆ ಬೇಟೆಯ ಲೈಸೆನ್ಸ್ ಅಲ್ಲ. ಮಂಗ ಎಳನೀರು ಉದುರಿಸಿದರೂ, ಹಂದಿ ಮರಗೆಣಸು ಅಗೆದರೂ, ಘಟ್ಟದ ಬುಡದ ಬೆಳ್ತಂಗಡಿ ಕಡೆ ಕಾಟಿ ಅಡಕೆ ಸಸಿ ತುಳಿದರೂ ಆಕಾಶಕ್ಕೆ ಒಂದು ಈಡು.

ಇನ್ನು ಈ ಕೋವಿ ಮನೆಯಲ್ಲಿ ಇರುತ್ತಿದ್ದದ್ದು ಎಲ್ಲಿ? ನಮ್ಮ ಮನೆಯ ಮಟ್ಟಿಗೆ ಹೇಳುತ್ತೇನೆ. ಒಳಕೋಣೆಯ ಗೋಡೆಗೆ ಹೊಡೆದ ಎರಡು ಮರದ ಗೂಟದ ಮೇಲೆ ಕೋವಿ, ಕೇಪಿನ ಡಬ್ಬಿ ಅಜ್ಜನ ಪೆಟ್ಟಿಗೆಯಲ್ಲಿ, ಮಸಿ ಮತ್ತು ಚರೆ ಪತ್ತಾಯದಲ್ಲಿ. ಪತ್ತಾಯ ಅಂದರೆ ಬೆಂಗಳೂರಿನವರಿಗೆ ವಿವರಿಸಬೇಕು. ಭತ್ತ ತುಂಬಿಡುವ ಭಾರೀ ಮರದ ಪೆಟ್ಟಿಗೆ ಅದು. ಭತ್ತ ತಳ ಸೇರಿದಾಗ ತೆಗೆಯಬೇಕಿದ್ದರೆ ಒಬ್ಬರು ಒಳಗೇ ಇಳಿಯಬೇಕು, ಅಷ್ಟು ದೊಡ್ಡದು. ದಪ್ಪ ಹಲಗೆ, ಮೇಲೆ ಬೀಗ. ನಿಜ ಹೇಳಬೇಕೆಂದರೆ ಅದೇ ನಮ್ಮ ವಾಕ್-ಇನ್ ವಾಲ್ಟ್.

ಕೇಪಿನ ಕೋವಿಗೆ ಒಂದು ಕೆಟ್ಟ ಗುಣ ಉಂಟು. ತೋಟೆ ಕೋವಿಯಾದರೆ ಮುರಿದು ತೋಟೆ ತೆಗೆದಿಟ್ಟರೆ ಮುಗಿಯಿತು. ಇದರಲ್ಲಿ ಮಸಿ ಹಾಕಿ, ನಾರು ಇಟ್ಟು, ಚರೆ ಸುರಿದು, ಸಲಾಕೆಯಿಂದ ಗಟ್ಟಿಯಾಗಿ ಜಡಿದ ಮೇಲೆ ವಾಪಸ್ ತೆಗೆಯುವುದು ದೊಡ್ಡ ಕೆಲಸ. ಸುಲಭದ ದಾರಿ ಅಂದರೆ ಹೊಡೆದು ಖಾಲಿ ಮಾಡುವುದು. ಹಾಗಾಗಿ ರಾತ್ರಿ ಹಂದಿ ಬಾರದಿದ್ದರೆ ತುಂಬಿದ ಕೋವಿಯನ್ನು ಹಾಗೇ ಗೂಟಕ್ಕೆ ಸಿಕ್ಕಿಸುವ ಆಸೆ ಯಾರಿಗಾದರೂ ಬರುತ್ತದೆ. ಅಜ್ಜ ಅದಕ್ಕೆ ಒಂದೇ ಕ್ರಮ ಇಟ್ಟುಕೊಂಡಿದ್ದರು. ತುಂಬಿದ ಕೋವಿ ಹೊಸ್ತಿಲು ದಾಟಿ ಒಳಗೆ ಬರಬಾರದು. ಬೆಳಗಿನ ಜಾವ ನಾಲ್ಕು ಗಂಟೆಯಾದರೂ ಸರಿ, ಅಂಗಳದಲ್ಲಿ ನಿಂತು ಗುಡ್ಡೆಯ ಕಡೆಗೆ ಹೊಡೆದೇ ಒಳಗೆ ಬರುವುದು. ಮಕ್ಕಳಾದ ನಮಗೆ ನಿದ್ದೆ ಹಾಳಾದ ಸಿಟ್ಟು. ಆ ಸದ್ದಿನ ಅರ್ಥ 'ಈಗ ಕೋವಿ ಖಾಲಿ, ಇನ್ನು ಮಲಗಿ' ಅಂತ.

ಪತ್ತಾಯಕ್ಕಿಂತಲೂ ಹಳೆಯದಾದ ಒಂದು ಭದ್ರತೆಯ ಪದ್ಧತಿ ತುಳುನಾಡಿನಲ್ಲಿ ಉಂಟು, ನನಗೆ ಹೆಚ್ಚು ಮುಖ್ಯ ಅನಿಸಿದ್ದು ಅದು. ದೈವದ ಭಂಡಾರ. ಗುತ್ತಿನ ಮನೆಯ ಒಂದು ಕೋಣೆಯಲ್ಲೋ ಅದಕ್ಕಾಗಿಯೇ ಕಟ್ಟಿದ ಭಂಡಾರದ ಮನೆಯಲ್ಲೋ ದೈವದ ಮೊಗ, ಕಡ್ಸಲೆ, ಗಂಟೆ, ಬೆಳ್ಳಿ ಬಂಗಾರದ ಆಭರಣ ಎಲ್ಲ ಇರುತ್ತವೆ. ಕಡ್ಸಲೆ ಅಂದರೆ ಖಡ್ಗ, ನಿಜವಾದ ಆಯುಧವೇ. ಆ ಕೋಣೆಯ ಬಾಗಿಲು ಬಹಳ ಕಡೆ ಸಾಧಾರಣ ಮರದ್ದು. ಗೋಡೆ ಹಳೆಯ ಮನೆಗಳಲ್ಲಿ ಮಣ್ಣಿನದ್ದು. ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಒದ್ದರೆ ಬೀಳಬಹುದು. ಆದರೂ ಅವು ತಲೆಮಾರುಗಳಿಂದ ಅಲ್ಲೇ ಇವೆ.

ಹೇಗೆ ಅಂತ ನೋಡಿದರೆ, ಅಲ್ಲಿ ಬೀಗಕ್ಕಿಂತ ಕ್ರಮವೇ ಹೆಚ್ಚು ಕೆಲಸ ಮಾಡುತ್ತದೆ. ಮನಸ್ಸು ಬಂದಾಗ ತೆರೆಯುವ ಕೋಣೆ ಅದಲ್ಲ. ತಿಂಗಳ ಸಂಕ್ರಮಣದಂದು ದೀಪ ಇಡಲಿಕ್ಕುಂಟು, ನೇಮದ ದಿನ ಭಂಡಾರ ಇಳಿಸಲಿಕ್ಕುಂಟು. ಇಳಿಸುವಾಗ ಮನೆಯ ಯಜಮಾನ ಒಬ್ಬನೇ ಅಲ್ಲ, ಊರಿನ ಗುತ್ತು ಬರ್ಕೆಯವರು ಎದುರಿಗೆ ಇರಬೇಕು. ಯಾವುದನ್ನು ಯಾರು ಹಿಡಿಯಬೇಕು ಎಂಬುದೂ ನಿಗದಿ. ಮುಗಿದ ಮೇಲೆ ಅಷ್ಟೂ ವಸ್ತು ಅದೇ ಜನರ ಕಣ್ಣೆದುರು ವಾಪಸ್ ಏರಬೇಕು. ಈಗಿನ ಭಾಷೆಯಲ್ಲಿ ಹೇಳುವುದಾದರೆ ಆಕ್ಸೆಸ್ ಕಂಟ್ರೋಲ್, ಡ್ಯುಯಲ್ ಆಥರೈಸೇಶನ್, ಆಡಿಟ್ ಮೂರೂ ಅಲ್ಲುಂಟು. ಆಫೀಸಿನಲ್ಲಿ ಸರ್ವರ್ ರೂಮಿಗೆ ಕಾರ್ಡ್ ಉಜ್ಜುವ ನಮಗೆ ಇದು ಹೊಸದೇನಲ್ಲ.

ಇದನ್ನು ದೈವಭಯ ಅಂತ ಮಾತ್ರ ಹೇಳಿದರೆ ಅರ್ಧ ಸತ್ಯ. ಭಯ ಇಲ್ಲದ ಕಳ್ಳ ಯಾವಾಗಲೂ ಇರುತ್ತಾನೆ. ಮೂಡುಬಿದಿರೆಯನ್ನೇ ತೆಗೆದುಕೊಳ್ಳಿ. 1430ರ ಸಾವಿರ ಕಂಬದ ಬಸದಿಯ ಊರು ಅದು. ಅಲ್ಲಿನ ಗುರು ಬಸದಿಯಲ್ಲಿ ಧವಲಾ ಗ್ರಂಥಗಳ ತಾಳೆಗರಿಗಳು, ಅಮೂಲ್ಯ ಕಲ್ಲುಗಳ ಜಿನಬಿಂಬಗಳು ಶತಮಾನಗಳ ಕಾಲ ಬೀಗದೊಳಗೆ ಉಳಿದು ಬಂದವು. ಬಿಂಬಗಳನ್ನು ನೋಡುವುದಕ್ಕೇ 'ಸಿದ್ಧಾಂತ ದರ್ಶನ' ಎಂಬ ಕ್ರಮ ಇತ್ತು. ಅಂಥ ಬಸದಿಗೂ 2013ರಲ್ಲಿ ಕಳ್ಳರು ನುಗ್ಗಿ ವಿಗ್ರಹಗಳನ್ನು ಹೊತ್ತೊಯ್ದರು. ಯಾವ ಬೀಗವೂ ಶಾಶ್ವತ ಅಲ್ಲ. ಆದರೆ ಕಳವಾದದ್ದು ತಕ್ಷಣ ಗೊತ್ತಾಯಿತು, ಏನೇನು ಹೋಯಿತು ಎಂದು ಹೇಳುವವರಿದ್ದರು, ಊರಿಗೆ ಊರೇ ಎದ್ದು ಕೂತಿತು. ಪೊಲೀಸರು ಬೆನ್ನು ಹತ್ತಿದ್ದು ಆಮೇಲಿನ ಮಾತು. ದಿನವೂ ನೋಡುವ ಕಣ್ಣು ಇಲ್ಲದಿದ್ದರೆ ಕಳವಾದ ಸುದ್ದಿಯೇ ಹೊರಬರಲು ವರ್ಷ ಬೇಕಾಗಬಹುದು.

ಕೋವಿಯ ವಿಷಯದಲ್ಲಿ ನನ್ನನ್ನು ಹೆದರಿಸಿದ್ದು ಇದೇ. ನಮ್ಮ ಮೂರೂ ತಾಲೂಕುಗಳಲ್ಲಿ ಈಗ ಎಷ್ಟೋ ದೊಡ್ಡ ಮನೆಗಳ ಮಕ್ಕಳು ಬೆಂಗಳೂರು, ಮುಂಬೈ, ದುಬೈ ಅಂತ ಹರಡಿದ್ದಾರೆ. ಮನೆಯಲ್ಲಿ ಇಬ್ಬರು ಮುದುಕರು, ಅಥವಾ ಬೀಗ. ಅಂಥ ಮನೆಯಲ್ಲಿ ಹತ್ತು ಇಂಚು ಕಾಂಕ್ರೀಟಿನ ಕೋಣೆ ಕಟ್ಟಿಸಿದರೆ ಕಳ್ಳನಿಗೆ ಬೇಕಾದದ್ದು ಎರಡೂ ಸಿಕ್ಕಿದ ಹಾಗೆ. ಇಲ್ಲಿ ಏನೋ ಬೆಲೆಬಾಳುವುದು ಇದೆ ಎಂಬ ಬೋರ್ಡು, ಜತೆಗೆ ಕೊರೆಯಲು ಬೇಕಾದಷ್ಟು ಸಮಯ.

ಟೆಕ್ಸಸ್‌ನ ನಕ್ಷೆ ನಮ್ಮ ಮಣ್ಣಿಗೆ ಹೊಂದುವುದಿಲ್ಲ ಎನ್ನಲು ಬೇರೆ ಕಾರಣಗಳೂ ಇವೆ. ನಮ್ಮ ಮನೆಗಳ ಗೋಡೆ ಮುರಕಲ್ಲಿನದ್ದು, ಅದೇ ಕೆಂಪುಕಲ್ಲು. ಕ್ವಾರಿಯಲ್ಲಿ ಅದನ್ನು ಹಿಂದೆ ಕೈಯಲ್ಲೇ ಕಡಿದು ತೆಗೆಯುತ್ತಿದ್ದರು. ಅಂಥ ಗೋಡೆಗೆ ಬ್ಯಾಂಕಿನ ಬಾಗಿಲು ಕೂರಿಸಿದರೆ ಕಳ್ಳ ಬಾಗಿಲಿನ ಹತ್ತಿರ ಸುಳಿಯುವುದೇ ಇಲ್ಲ, ಪಕ್ಕದ ಗೋಡೆಗೆ ಕೈ ಹಾಕುತ್ತಾನೆ. ಗೋಡೆ ಕೊರೆದು ಒಳಬರುವುದಕ್ಕೆ ಕನ್ನಡದಲ್ಲಿ 'ಕನ್ನ' ಎಂಬ ಹಳೆಯ ಪದ ಸುಮ್ಮನೆ ಹುಟ್ಟಿದ್ದಲ್ಲ. ಆಮೇಲೆ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಿನಲ್ಲಿ ನೆಲದಡಿ ಕೋಣೆ ಮಾಡಿದರೆ ಆಟಿ ತಿಂಗಳಿಗೆ ಅದು ಬಾವಿ. ಗಾಳಿಯಾಡದ ಕೋಣೆಯಲ್ಲಿ ತೇವ ನಿಂತರೆ ಕಬ್ಬಿಣಕ್ಕೆ ತುಕ್ಕು. ಯಂತ್ರ ಇಡೋಣ ಅಂದರೆ ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು. ಬಟ್ಟೆಯ ಚೀಲದಲ್ಲಿ ಸುತ್ತಿಟ್ಟರೂ ತುಕ್ಕು ತಪ್ಪುವುದಿಲ್ಲ, ಬಟ್ಟೆಯೇ ತೇವ ಹಿಡಿದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಯಾರಾದರೂ ತೆಗೆದು ಒರಸಿ ಎಣ್ಣೆ ಹಚ್ಚಬೇಕು, ಅದು ಬಿಟ್ಟರೆ ಬೇರೆ ಮದ್ದಿಲ್ಲ.

ಅದೂ ಅಲ್ಲದೆ ವಾಕ್-ಇನ್ ಕೋಣೆಗೆ ತುಂಬಿಸುವುದು ಏನನ್ನು? 1983ರ ತಿದ್ದುಪಡಿ ಒಬ್ಬನಿಗೆ ಮೂರಕ್ಕಿಂತ ಹೆಚ್ಚು ಬಂದೂಕು ಬೇಡ ಎಂದಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದದ್ದೂ ಈ ಲೆಕ್ಕದೊಳಗೇ. ಎರಡು ಕೋವಿಗೆ ಒಂದು ಕೋಣೆ ಕಟ್ಟಿಸುವುದೆಂದರೆ ಎರಡು ಛತ್ರಿಗೆ ಒಂದು ಗ್ಯಾರೇಜು ಕಟ್ಟಿಸಿದ ಹಾಗೆ.

ಹಾಗಾದರೆ ಸರಕಾರಕ್ಕೇ ಕೊಟ್ಟುಬಿಡುವುದು ಸರಿಯಾ? ಊರಿನವರಿಗೆ ಇದರ ರುಚಿ ಪ್ರತಿ ಚುನಾವಣೆಯಲ್ಲೂ ಗೊತ್ತಾಗುತ್ತದೆ. ನೀತಿಸಂಹಿತೆ ಬಂತೆಂದರೆ ಲೈಸೆನ್ಸ್ ಇರುವ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಲು ಆದೇಶ ಬರುತ್ತದೆ. 2023ರ ವಿಧಾನಸಭಾ ಚುನಾವಣೆ ಮಾರ್ಚ್ 29ಕ್ಕೆ ಘೋಷಣೆಯಾಗಿ ಮೇ 13ಕ್ಕೆ ಫಲಿತಾಂಶ. 2024ರ ಲೋಕಸಭೆಗೆ ಮಾರ್ಚ್ 16ರಿಂದ ಜೂನ್ 4ರವರೆಗೆ, ಲೆಕ್ಕ ಹಾಕಿದರೆ 80 ದಿನ. ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೇ ಮುಗಿದಿತ್ತು. ಈ ತಿಂಗಳುಗಳಲ್ಲೇ ಕಾಡಿನ ತೊರೆ ಒಣಗಿ ಪ್ರಾಣಿಗಳು ನೀರಿರುವ ತೋಟಕ್ಕೆ ಇಳಿಯುವುದು. 'ನಮ್ಮ ಕೋವಿ ವೋಟಿಗೆ ಏನು ಮಾಡ್ತದೆ?' ಎಂದು ಕೃಷಿಕರು ಕೇಳುವುದರಲ್ಲಿ ಅರ್ಥ ಇದೆ. ಗೋವಾದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ 2009ರಲ್ಲೇ ಎಲ್ಲರಿಗೂ ಒಂದೇ ಆದೇಶ ಸಲ್ಲದು, ಒಬ್ಬೊಬ್ಬರ ವಿಷಯವನ್ನೂ ಪರಿಶೀಲಿಸಬೇಕು ಎಂದಿತ್ತು. ಅದಕ್ಕಾಗಿಯೇ ಈಗ ಪರಿಶೀಲನಾ ಸಮಿತಿ ಎಂಬುದಿದೆ. ಮತ್ತೊಂದು ಕಡೆಯಿಂದ ನೋಡಿದರೆ, ಚುನಾವಣೆ ಕಾಲದಲ್ಲಿ ಒಂದು ಕೋವಿ ಕೆಟ್ಟ ಕೈಗೆ ಹೋದರೆ ಏನಾಗುತ್ತದೆ ಎಂಬ ಅಧಿಕಾರಿಯ ಭಯವೂ ಸುಳ್ಳಲ್ಲ.

ಎರಡೂ ಕಡೆಯವರ ಜಗಳದ ಕೆಳಗೆ ಇರುವುದು ಒಂದೇ ವಿಷಯ. ಸರಕಾರಕ್ಕೆ ಮನೆಯ ಬೀಗದ ಮೇಲೆ ನಂಬಿಕೆ ಇಲ್ಲ. ಮನೆಯವರು ಆ ನಂಬಿಕೆ ಬರುವ ಹಾಗೆ ಇಟ್ಟುಕೊಂಡಿದ್ದಾರೆಯೇ ಎಂದು ಯಾರೂ ಕೇಳಿರಲಿಲ್ಲ. ಬೇರೆ ದೇಶಗಳು ಕೇಳಲು ಶುರು ಮಾಡಿ ಸುಮಾರು ಸಮಯವಾಯಿತು. ಜಪಾನಿನಲ್ಲಿ ಬಂದೂಕು ಒಂದು ಲಾಕರಿನಲ್ಲಿ, ಗುಂಡು ಇನ್ನೊಂದರಲ್ಲಿ. ಆಸ್ಟ್ರೇಲಿಯಾದಲ್ಲಿ 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದಲ್ಲಿ 35 ಜನ ಸತ್ತ ಮೇಲೆ ಮನೆಯಲ್ಲಿ ಹೇಗಿಡಬೇಕು ಎಂಬುದೂ ಲೈಸೆನ್ಸಿನ ಭಾಗವಾಯಿತು. ನಮ್ಮಲ್ಲಿ 2016ರ ಶಸ್ತ್ರ ನಿಯಮಗಳು ಈ ದಿಕ್ಕಿಗೆ ತಿರುಗಿದವು. ಈಗ ಅರ್ಜಿ ಹಾಕುವವರು ಆಯುಧವನ್ನು ಸುರಕ್ಷಿತವಾಗಿ ಇಡುತ್ತೇನೆ ಎಂದು ಬರೆದುಕೊಡಬೇಕು, ಬಳಕೆಯ ಬಗ್ಗೆ ತರಬೇತಿಯೂ ಬೇಕು. ಕೋವಿ ಎಲ್ಲಿ ಮಲಗುತ್ತದೆ ಎಂದು ಕಾನೂನು ಕೊನೆಗೂ ಕೇಳಿತು.

ಇದೇ ನಿಯಮಗಳಲ್ಲಿ ನಮ್ಮ ಮನೆಗೆ ಬೇಕಾದ ಉತ್ತರವೂ ಇತ್ತು. ಲೈಸೆನ್ಸ್ ಇದ್ದವರು ತೀರಿಹೋದರೆ ಕೋವಿಯನ್ನು ಮನೆಯಲ್ಲಿ ಸುಮ್ಮನೆ ಇಟ್ಟುಕೊಳ್ಳುವಂತಿಲ್ಲ, ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ವ್ಯಾಪಾರಿಯ ಹತ್ತಿರವೋ ಠೇವಣಿ ಇಡಬೇಕು. ಇದು ಬಹಳ ಮನೆಗಳಲ್ಲಿ ಯಾರಿಗೂ ನೆನಪಾಗದ ವಿಷಯ. ಹದಿಮೂರನೇ ದಿನದ ಊಟದ ಲೆಕ್ಕ ಇರುತ್ತದೆ, ಗೋಡೆಯ ಮೇಲಿನ ಕೋವಿಯ ನೆನಪಿರುವುದಿಲ್ಲ. ಆದರೆ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಲೈಸೆನ್ಸ್ ಇರುವವರಿಗೆ 70 ವರ್ಷ ದಾಟಿದ್ದರೆ, ಇಲ್ಲವೇ ಕೋವಿ ಅವರ ಹತ್ತಿರ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು.

ಯಾವ ವಾರಸುದಾರರು? ಗುಂಪಿನಲ್ಲಿ ಎಲ್ಲರ ಬಾಯಲ್ಲೂ ನನ್ನ ಹೆಸರು, ಇಲ್ಲವೇ ಸೋದರಮಾವನ ಹೆಸರು. ನಾನು ಇರುವುದು ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ಮಾವ ಇರುವುದು ಪುಣೆಯಲ್ಲಿ. ಇಬ್ಬರಿಗೂ ಹಂದಿಯ ಕಾಟ ಇಲ್ಲ. ಅಳಿಯಕಟ್ಟಿನ ಮನೆ ನಮ್ಮದು. ಭೂಮಿ, ದೈವ, ಹೆಸರು ಎಲ್ಲ ಹೆಂಗಸರ ದಾರಿಯಲ್ಲೇ ಇಳಿದು ಬಂದದ್ದು. ಕೋವಿ ಮಾತ್ರ ಗಂಡಸರ ಹೆಸರಲ್ಲೇ ಯಾಕೆ ಇಳಿಯಬೇಕು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ತೋಟಕ್ಕೆ ಇಳಿಯುವವರು ಹದಿನೈದು ವರ್ಷದಿಂದ ಚಿಕ್ಕಮ್ಮನೇ. ಅಬ್ಬಕ್ಕನ ಹೆಸರು ಹೇಳಿ ಭಾಷಣ ಮಾಡುವ ಸೀಮೆಯಲ್ಲಿ ಇದಕ್ಕೆ ಇಷ್ಟು ಹೊತ್ತು ಬೇಕಾಯಿತು ನೋಡಿ.

ಅಜ್ಜನ ಹತ್ತಿರ ವಿಷಯ ತೆಗೆದಾಗ ಅವರು ಸ್ವಲ್ಪ ಹೊತ್ತು ಎಲೆಯಡಕೆ ಅಗಿದರು. ಆಮೇಲೆ, 'ಅವಳಿಗೆ ಕೊಡುವುದಾದ್ರೆ ಈಗಲೇ ಕೊಡುವ ಮಗಾ. ನಾನು ಇರುವಾಗ ಎಣ್ಣೆ ಹಚ್ಚುದು ಹೇಳಿಕೊಡ್ಬಹುದು' ಅಂದರು.

ಚಿಕ್ಕಮ್ಮನಿಗೆ ಟೆಕ್ಸಸ್‌ನ ನಕ್ಷೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. 'ಇದರೊಳಗೆ ಹೋಗಿ ಬಾಗಿಲು ಹಾಕಿಕೊಂಡ್ರೆ ಹಂದಿಯನ್ನು ಓಡಿಸುದು ಯಾರು?' ಎಂದು ಕೇಳಿದರು. ಅವರು ಕೇಳಿದ್ದು ಸಣ್ಣ ಪಟ್ಟಿ. ಎತ್ತಿಕೊಂಡು ಹೋಗಲಾಗದ ಒಂದು ಉಕ್ಕಿನ ಕಪಾಟು, ಮಸಿಗೂ ಕೇಪಿಗೂ ಬೇರೆ ಬೀಗದ ಬೇರೆ ಜಾಗ, ಮತ್ತು ಒಂದು ನೋಟ್‌ಬುಕ್ಕು.

ಕಪಾಟನ್ನು ಮುರಕಲ್ಲಿಗೆ ಕಟ್ಟಲಿಲ್ಲ. ಮನೆಯ ಹೊಸ ಭಾಗದ ಕಾಂಕ್ರೀಟ್ ಕಂಬಕ್ಕೆ ಒಳಗಿನಿಂದ ಬೋಲ್ಟ್ ಹಾಕಿಸಿದೆವು. ನೆಲದಿಂದ ಒಂದು ಗೇಣು ಎತ್ತರ, ಗಾಳಿಯಾಡಲು. ಯಾವ ಕೋಣೆ ಅಂತ ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಈಗ ಲೈಸೆನ್ಸ್ ಅಜ್ಜನದ್ದೇ ಆದ್ದರಿಂದ ಕೀಲಿಯೂ ಅವರದ್ದೇ. ತೆರೆಯುವುದು ಸಂಕ್ರಮಣದ ದಿನ, ಚಿಕ್ಕಮ್ಮ ಎದುರಿಗೆ ಇದ್ದಾಗ. ಅಜ್ಜ ಒರಸಿ ಎಣ್ಣೆ ಹಚ್ಚುತ್ತಾರೆ, ಚಿಕ್ಕಮ್ಮ ನೋಡಿ ಕಲಿಯುತ್ತಾರೆ, ಕೇಪು ಎಷ್ಟು ಉಳಿದಿದೆ ಎಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಭಂಡಾರದ ಕ್ರಮ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ತಿಂಗಳಿಗೊಂದು ದಿನ ಬೇಕಿತ್ತು, ಆ ಮನೆಯಲ್ಲಿ ಯಾರೂ ಮರೆಯದ ದಿನ ಅದೊಂದೇ.

ಚಿಕ್ಕಮ್ಮನ ಹೆಸರಿನ ಅರ್ಜಿ ಹೋಗಿದೆ. 'ಆಯುಧವನ್ನು ಎಲ್ಲಿ ಹೇಗೆ ಇಡುತ್ತೀರಿ' ಎಂಬ ಭಾಗವನ್ನು ಅವರೇ ಕೂತು ತುಂಬಿಸಿದರು. ನಿಮ್ಮ ಊರಿನ ಮನೆಯಲ್ಲೂ ಗೋಡೆಯ ಮೇಲೆ ಇಂಥದ್ದೊಂದು ಇದ್ದರೆ, ಮುಂದಿನ ಸಲ ಹೋದಾಗ ಅದರ ಜತೆ ಸೆಲ್ಫಿ ತೆಗೆಯುವ ಮೊದಲು ಲೈಸೆನ್ಸಿನ ಪುಸ್ತಕ ತೆರೆದು ಎರಡು ಸಂಗತಿ ನೋಡಿ. ಹೆಸರು ಯಾರದ್ದು, ಆ ಮನೆಯಲ್ಲಿ ರಾತ್ರಿ ಮಲಗುವವರು ಯಾರು.